ಅರಸುಮನೆತನದ ಆಟ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ‘ಕ್ರುಸೇಡರ್ ಕಿಂಗ್ಸ್ 3’ ಎಂಬ ಕಂಪ್ಯೂಟರ್ ಆಟದ ಬಗ್ಗೆ ಕೇಳಿದವೇ ಹೆಚ್ಚಾಗಿದ್ದುದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2020ರ ಸೆಪ್ಟೆಂಬರ್ 1ರಂದು ಬಿಡುಗಡೆ ಮಾಡಿದ ಈ ಆಟದಲ್ಲಿ ನಾವು ಮಧ್ಯಯುಗದ ಒಬ್ಬ ಅರಸನನ್ನೋ ಸಾಮಂತನನ್ನೋ ಆರಿಸಿಕೊಂಡು, ಕ್ರಿ.ಶ. 867, 1066ರಂಥ ಒಂದು ವರ್ಷದಿಂದ ಆರಂಭಿಸಿ, 1453ರವರೆಗೆ ಆ ಮನೆತನವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಹೋಗಬೇಕು. ಅರಸ ತೀರಿಕೊಂಡರೆ ಆಟ ಮುಗಿಯುವುದಿಲ್ಲ. ಅವನ ಉತ್ತರಾಧಿಕಾರಿಯ ಪಾತ್ರ ನಮ್ಮ ಕೈಗೆ ಬರುತ್ತದೆ. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿ ಇನ್ನೂ ಮನಸ್ಸಿಗೆ ಇಳಿಯದಿರುವುದರಿಂದ ಹುಟ್ಟಿದವು ಎಂದು ನನಗೆ ತೋರುತ್ತದೆ.

ಪ್ರಶ್ನೆ: ಆಟವನ್ನು ಕೊಂಡು ಮೂರು ವಾರವಾಯಿತು. ತೆರೆದರೆ ಸಾಕು, ಪರದೆಯ ತುಂಬ ಚಿಹ್ನೆಗಳು, ಕಿಟಕಿಯೊಳಗೊಂದು ಕಿಟಕಿ. ಪ್ರತಿ ಸಲವೂ ಅರ್ಧ ಗಂಟೆಯಲ್ಲಿ ಸೋತು ಮುಚ್ಚಿಬಿಡುತ್ತೇನೆ. ಎಲ್ಲಿಂದ ಶುರು ಮಾಡಬೇಕು? — ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ಐರ್ಲೆಂಡಿನಿಂದ ಶುರು ಮಾಡಿ. ಆಟದೊಳಗಿನ ಪಾಠ ನಿಮ್ಮನ್ನು 1066ರ ಮನ್‌ಸ್ಟರ್ ಪ್ರಾಂತ್ಯದ ಮುರ್ಚಾಡ್ ಎಂಬ ಸಣ್ಣ ಅರಸನ ಪಕ್ಕದಲ್ಲಿ ಕೂರಿಸುತ್ತದೆ, ಮತ್ತು ಅದಕ್ಕೆ ಸರಿಯಾದ ಕಾರಣವಿದೆ. ಆ ಹೊತ್ತಿನ ಐರ್ಲೆಂಡಿನಲ್ಲಿ ದೊಡ್ಡ ದೊರೆ ಯಾರೂ ಇಲ್ಲ. ಸುತ್ತ ಇರುವವರೆಲ್ಲ ನಿಮ್ಮಷ್ಟೇ ಸಣ್ಣವರು. ನಾಲ್ಕೂ ಕಡೆ ಕಡಲು. ನೀವು ತಪ್ಪು ಮಾಡಿದರೆ ಅದನ್ನು ತಿದ್ದಿಕೊಳ್ಳುವಷ್ಟು ಬಿಡುವು ಸಿಗುತ್ತದೆ. ಹಳೆಯ ಆಟಗಾರರು ಈ ದ್ವೀಪವನ್ನು ‘ಪಾಠಶಾಲೆಯ ದ್ವೀಪ’ ಎಂಬ ಅರ್ಥದ ಹೆಸರಿನಿಂದ ಕರೆಯುವುದುಂಟು.

ಮೊದಲ ದಿನ ಕಾಲವನ್ನು ಓಡಿಸಲೇ ಬೇಡಿ. ಸ್ಪೇಸ್ ಬಾರ್ ಒತ್ತಿದರೆ ಆಟ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ನಡೆಯುತ್ತದೆ. ನಿಂತಿರುವಾಗಲೂ ಎಲ್ಲ ಆಜ್ಞೆಗಳನ್ನು ಕೊಡಬಹುದು. ಹಾಗೆ ನಿಲ್ಲಿಸಿಕೊಂಡು ಬೇರೆ ಬಣ್ಣದಲ್ಲಿ ಕಾಣುವ ಯಾವುದಾದರೂ ಪದದ ಮೇಲೆ ಮೌಸ್ ಇಡಿ. ಒಂದು ಸಣ್ಣ ವಿವರಣೆ ತೆರೆದುಕೊಳ್ಳುತ್ತದೆ, ಕ್ಷಣ ಕಾದರೆ ಅದು ಅಲ್ಲೇ ನಿಲ್ಲುತ್ತದೆ, ಅದರೊಳಗಿನ ಬಣ್ಣದ ಪದದ ಮೇಲೆ ಮೌಸ್ ಇಟ್ಟರೆ ಇನ್ನೊಂದು ವಿವರಣೆ. ನಿಮಗೆ ಗಾಬರಿ ಹುಟ್ಟಿಸಿದ ‘ಕಿಟಕಿಯೊಳಗಿನ ಕಿಟಕಿ’ ವಾಸ್ತವದಲ್ಲಿ ಆಟಕ್ಕೆ ಹೊಲಿದಿಟ್ಟ ನಿಘಂಟು. ಎಲ್ಲವನ್ನೂ ಓದಿ ಮುಗಿಸಬೇಕೆಂಬ ಹಟ ಬೇಡ. ಆ ಕ್ಷಣಕ್ಕೆ ಬೇಕಾದದ್ದನ್ನು ಓದಿ ಮುಂದೆ ನಡೆಯಿರಿ.

ಬಳಿಕ ಮುರ್ಚಾಡನ ಚಿತ್ರವನ್ನು ಒತ್ತಿ ಅವನನ್ನೇ ನೋಡಿ. ರಾಜತಂತ್ರ, ಯುದ್ಧ, ಆಡಳಿತ, ಒಳಸಂಚು, ವಿದ್ಯೆ ಎಂಬ ಐದು ಸಾಮರ್ಥ್ಯಗಳ ಮುಂದೆ ಐದು ಅಂಕಿಗಳಿರುತ್ತವೆ. ಅವನು ಯಾವುದರಲ್ಲಿ ಬಲವಂತ, ಯಾವುದರಲ್ಲಿ ದುರ್ಬಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮಂತ್ರಿ ಪರಿಷತ್ತನ್ನು ತೆರೆಯಿರಿ. ಅಲ್ಲಿರುವ ಐದು ಹುದ್ದೆಗಳೂ ಇದೇ ಐದು ಸಾಮರ್ಥ್ಯಗಳಿಗೆ ಹೊಂದಿಕೊಂಡವು. ಅರಸನಿಗೆ ಇಲ್ಲದ ಬುದ್ಧಿಯನ್ನು ಮಂತ್ರಿಯಿಂದ ಪಡೆಯುವುದು ಇಲ್ಲಿಯ ಮೊದಲ ಪಾಠ. ಆಡಳಿತಾಧಿಕಾರಿಯನ್ನು ತೆರಿಗೆ ವಸೂಲಿಗೆ ಹಚ್ಚಿ. ಧರ್ಮಗುರುವನ್ನು ಪಕ್ಕದ ಒಂದು ಕೌಂಟಿಯ (ಆಟದ ನಕಾಶೆಯ ಸಣ್ಣ ಆಡಳಿತ ವಿಭಾಗದ) ಮೇಲೆ ನಿಮಗೆ ಹಕ್ಕು ಹುಟ್ಟಿಸುವ ಕಾಗದಪತ್ರ ಸಿದ್ಧಪಡಿಸುವ ಕೆಲಸಕ್ಕೆ ಕಳಿಸಿ. ಹಕ್ಕಿಲ್ಲದೆ ಯುದ್ಧ ಸಾರುವಂತಿಲ್ಲ, ಹಕ್ಕು ಸಿದ್ಧವಾಗಲು ವರ್ಷಗಳೇ ಹಿಡಿಯುತ್ತವೆ. ಆದ್ದರಿಂದ ಈ ಕೆಲಸ ಮೊದಲ ದಿನವೇ ಆರಂಭವಾಗಲಿ. ಆಮೇಲೆ ಮನೆಯಲ್ಲಿ ಮದುವೆಯಾಗದವರು ಯಾರಿದ್ದಾರೆ ನೋಡಿ. ಮಕ್ಕಳನ್ನೋ ಒಡಹುಟ್ಟಿದವರನ್ನೋ ಬಲವುಳ್ಳ ಮನೆಗೆ ಕೊಟ್ಟು ತಂದರೆ ಆ ಮನೆಯೊಂದಿಗೆ ಮೈತ್ರಿ ಏರ್ಪಡುತ್ತದೆ, ಯುದ್ಧಕ್ಕೆ ಕರೆದಾಗ ಬೀಗರು ಸೈನ್ಯದೊಂದಿಗೆ ಬರುತ್ತಾರೆ.

ಇಷ್ಟಾದ ಮೇಲೆ ಕಾಲ ಓಡಲಿ, ಮೊದಲು ನಿಧಾನದ ವೇಗದಲ್ಲಿ. ಒಂದು ಕೌಂಟಿ ಗೆದ್ದರೆ ಸಾಕು, ಆ ದಿನದ ಆಟ ಸಾರ್ಥಕ.

ಪ್ರಶ್ನೆ: ಇಪ್ಪತ್ತೈದು ವರ್ಷ ಕಷ್ಟಪಟ್ಟು ಕಟ್ಟಿದ ನಾಡು, ಅರಸ ತೀರಿಕೊಂಡ ದಿನ ಅರ್ಧಕ್ಕೆ ಇಳಿದುಹೋಯಿತು. ನಾನು ಯಾವ ಯುದ್ಧವನ್ನೂ ಸೋತಿರಲಿಲ್ಲ. ಇದು ಆಟದ ದೋಷವೇ? — ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ದೋಷವಲ್ಲ. ನಿಮ್ಮ ಅರಸನಿಗೆ ಒಬ್ಬನಿಗಿಂತ ಹೆಚ್ಚು ಗಂಡುಮಕ್ಕಳಿದ್ದರು, ಅಷ್ಟೇ. ಆಸ್ತಿ ಪಾಲಾಯಿತು.

ನನಗೂ ಮೊದಲ ಸಲ ಹೀಗೆಯೇ ಆಯಿತು. ಮುರ್ಚಾಡನ ಕೈಯಲ್ಲಿ ಮನ್‌ಸ್ಟರ್ ಪೂರ್ತಿ ಗೆದ್ದು, ಪಕ್ಕದ ಲೆನ್‌ಸ್ಟರನ್ನೂ ಸೇರಿಸಿಕೊಂಡು, ನಕಾಶೆಯ ಮೇಲೆ ನನ್ನ ಬಣ್ಣ ಹರಡುವುದನ್ನು ನೋಡುತ್ತ ಕೂತಿದ್ದೆ. ಒಂದು ರಾತ್ರಿ ಅವನು ಕಾಯಿಲೆ ಬಿದ್ದು ತೀರಿಕೊಂಡ. ಹಿರಿಯ ಮಗನಾಗಿ ಕಣ್ಣು ಬಿಟ್ಟಾಗ ಲೆನ್‌ಸ್ಟರ್ ಬೇರೆ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ನನ್ನ ತಮ್ಮನೇ ಸ್ವತಂತ್ರ ಅರಸನಾಗಿ ಕೂತಿದ್ದ. ವರ್ಷ ತುಂಬುವ ಮೊದಲೇ ಅವನು ‘ಮನ್‌ಸ್ಟರ್ ಕೂಡ ನನ್ನದೇ’ ಎಂದು ಯುದ್ಧ ಸಾರಿದ. ದಾಯಾದಿ ಎಂಬ ನಮ್ಮ ಪದದ ಪೂರ್ತಿ ತೂಕ ನನಗೆ ತಿಳಿದದ್ದು ಆ ರಾತ್ರಿ. ಪಾಲು ಪಡೆಯುವ ಹಕ್ಕುಳ್ಳವನು ಎಂಬ ಅರ್ಥದ ಪದವೇ ವೈರಿ ಎಂಬ ಅರ್ಥಕ್ಕೂ ಬಳಕೆಯಾಗುವುದು ಕನ್ನಡದಲ್ಲಿ ಸುಮ್ಮನೆ ಆದದ್ದಲ್ಲ.

ಆರಂಭದ ಶತಮಾನಗಳಲ್ಲಿ ಈ ಆಟದ ಬಹುತೇಕ ಅರಸುಮನೆತನಗಳಲ್ಲಿ ನಡೆಯುವುದು ಪಾಲಿನ ಪದ್ಧತಿಯೇ. ಅದರಲ್ಲೂ ಆರಂಭದ ರೂಪ ಬಹಳ ಕಠಿಣ: ನೀವು ಎರಡನೆಯ ಡಚಿಯ (ಕೆಲವು ಕೌಂಟಿಗಳು ಸೇರಿದ ಪ್ರಾಂತ್ಯದ) ಪಟ್ಟವನ್ನು ಸ್ಥಾಪಿಸದೆ ಬಿಟ್ಟಿದ್ದರೂ, ಅದಕ್ಕೆ ಬೇಕಾದಷ್ಟು ನೆಲ ನಿಮ್ಮ ಕೈಯಲ್ಲಿದ್ದರೆ, ನಿಮ್ಮ ಮರಣದೊಂದಿಗೆ ಆ ಪಟ್ಟ ತಾನಾಗಿ ಹುಟ್ಟಿ ಎರಡನೆಯ ಮಗನ ತಲೆಗೇರುತ್ತದೆ. ಇದು ಆಟ ಕಟ್ಟಿದವರ ಕಲ್ಪನೆಯಲ್ಲ. 1066ರ ನಕಾಶೆಯಲ್ಲೇ ಸ್ಪೇನಿನ ಕಡೆ ನೋಡಿ. ಅದಕ್ಕೆ ಹಿಂದಿನ ವರ್ಷ, 1065ರಲ್ಲಿ, ಅಲ್ಲಿನ ರಾಜ ಒಂದನೆಯ ಫರ್ಡಿನಾಂಡ್ ತೀರಿಕೊಂಡಾಗ ಅವನ ರಾಜ್ಯ ಮೂವರು ಗಂಡುಮಕ್ಕಳಿಗೆ ಪಾಲಾಯಿತು: ಕ್ಯಾಸ್ಟೀಲ್ ಸಾಂಚೊಗೆ, ಲಿಯೋನ್ ಅಲ್ಫಾನ್ಸೊಗೆ, ಗಲಿಸಿಯಾ ಗಾರ್ಸಿಯಾಗೆ ಹೋಯಿತು. ಏಳು ವರ್ಷಗಳೊಳಗೆ ಸಾಂಚೊ ಸಮೋರಾ ನಗರದ ಮುತ್ತಿಗೆಯಲ್ಲಿ ಕೊಲೆಯಾದ, ಮೂರೂ ರಾಜ್ಯಗಳು ಅಲ್ಫಾನ್ಸೊ ಕೈಸೇರಿದವು, ಗಾರ್ಸಿಯಾ ತನ್ನ ಉಳಿದ ಆಯುಷ್ಯವನ್ನು ಸೆರೆಯಲ್ಲಿ ಕಳೆದ. ಆಟದಲ್ಲಿ ಈ ಮೂವರೂ ನಿಮ್ಮ ಕಣ್ಣೆದುರೇ ಇರುತ್ತಾರೆ.

ಹಾಗಾದರೆ ಏನು ಮಾಡಬೇಕು? ರಾಜ್ಯದ ವಿವರಗಳ ಪುಟದಲ್ಲಿ ಉತ್ತರಾಧಿಕಾರದ ಭಾಗವಿದೆ. ಅರಸ ಇಂದೇ ಸತ್ತರೆ ಯಾರಿಗೆ ಏನು ಹೋಗುತ್ತದೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಪ್ರತಿ ಯುದ್ಧ ಗೆದ್ದ ಬಳಿಕ, ಪ್ರತಿ ಮಗ ಹುಟ್ಟಿದ ಬಳಿಕ ಆ ಪುಟವನ್ನು ತೆರೆಯುವ ಅಭ್ಯಾಸ ಮಾಡಿಕೊಳ್ಳಿ. ಇದಕ್ಕಿಂತ ಬೆಲೆಯುಳ್ಳ ಸಲಹೆ ನನ್ನಲ್ಲಿ ಇಲ್ಲ. ಎರಡನೆಯದು, ಒಂದು ಮೆಟ್ಟಿಲು ಮೇಲಿನ ಪಟ್ಟವನ್ನು ಆದಷ್ಟು ಬೇಗ ಪಡೆಯುವುದು. ನೀವು ಎರಡು ಡಚಿಗಳ ಒಡೆಯನಾಗಿ ಸತ್ತರೆ ಮಕ್ಕಳಿಬ್ಬರೂ ಸಮಾನರಾಗುತ್ತಾರೆ, ಬೇರೆಯಾಗುತ್ತಾರೆ. ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಕೌಂಟಿಗಳನ್ನು ಹಿಡಿದು, ಬೇಕಾದ ಚಿನ್ನ ಕೂಡಿಸಿ, ಐರ್ಲೆಂಡಿನ ರಾಜನೆಂಬ ಪಟ್ಟ ಕಟ್ಟಿಕೊಂಡು ಸತ್ತರೆ ಹಿರಿಯನು ರಾಜ, ಕಿರಿಯನು ಅವನ ಸಾಮಂತ. ನೆಲ ಹಂಚಿಹೋದರೂ ರಾಜ್ಯ ಒಡೆಯುವುದಿಲ್ಲ. ನನ್ನ ಲೆನ್‌ಸ್ಟರ್ ಕೈತಪ್ಪಿದ್ದು ಆ ಚಿನ್ನವನ್ನು ಹೊಸ ಕೋಟೆಗೆ ಸುರಿದದ್ದರಿಂದ.

ಕಿರಿಯ ಮಗನನ್ನು ವಾರಸುದಾರಿಕೆಯಿಂದ ಹೊರಗಿಡುವ ದಾರಿಯೂ ಇದೆ. ಆದರೆ ಅದಕ್ಕೆ ಮನೆತನದ ಕೀರ್ತಿಯನ್ನು ಬೆಲೆಯಾಗಿ ತೆರಬೇಕು, ಹೊಸಬರ ಬಳಿ ಅದು ಅಷ್ಟು ಕೂಡಿರುವುದಿಲ್ಲ. ಹಿರಿಯನಿಗೆ ಎಲ್ಲವೂ ಸಲ್ಲುವ ಪದ್ಧತಿ ಬರುವುದು ಮಧ್ಯಯುಗದ ಕೊನೆಯ ಹಂತದಲ್ಲಿ, ನಿಮ್ಮ ಸಂಸ್ಕೃತಿ ಆ ವಿಚಾರವನ್ನು ಕಲಿತ ಮೇಲೆ. ಐರಿಷ್ ಮನೆತನಗಳಿಗೆ ಇನ್ನೊಂದು ಹಾದಿಯಿದೆ. ಬಂಧುಗಳಲ್ಲಿ ಯೋಗ್ಯನೊಬ್ಬನನ್ನು ಅರಸ ಬದುಕಿರುವಾಗಲೇ ಉತ್ತರಾಧಿಕಾರಿಯಾಗಿ ಆರಿಸುವ ಅವರ ಹಳೆಯ ಪದ್ಧತಿಯನ್ನು ಆಟದಲ್ಲೂ ಜಾರಿಗೆ ತರಬಹುದು. ಹಾಗೆ ಆರಿಸಲ್ಪಟ್ಟವನನ್ನು ಕರೆಯುತ್ತಿದ್ದ ‘ಟಾನಿಷ್ಟ’ ಎಂಬ ಹೆಸರೇ ಇಂದಿನ ಐರ್ಲೆಂಡಿನಲ್ಲಿ ಉಪಪ್ರಧಾನಿಯ ಹುದ್ದೆಗೆ ಉಳಿದುಬಂದಿದೆ.

ಕೊನೆಯದಾಗಿ, ಈಗ ಕಳೆದುಕೊಂಡಿರುವ ನಾಡಿನ ವಿಷಯ. ತಂದೆಯ ನೆಲದ ಮೇಲೆ ಮಕ್ಕಳೆಲ್ಲರಿಗೂ ಹಕ್ಕು ಉಳಿದಿರುವುದರಿಂದ ನೀವೂ ತಮ್ಮನ ಮೇಲೆ ಯುದ್ಧ ಸಾರಬಹುದು. ಆಟವನ್ನು ಅಳಿಸಿ ಮೊದಲಿನಿಂದ ಆರಂಭಿಸಬೇಡಿ, ಮುಂದುವರಿಸಿ. ಅವನನ್ನು ವಿಷವಿಟ್ಟು ಕೊಲ್ಲಿಸುವ ಆಲೋಚನೆ ಮಾತ್ರ ಬೇಡ. ಸಂಚು ಬಯಲಾದರೆ ‘ಬಂಧುಘಾತಕ’ ಎಂಬ ಹಣೆಪಟ್ಟಿ ಸಾಯುವವರೆಗೂ ಅಂಟಿಕೊಳ್ಳುತ್ತದೆ, ಸಾಮಂತರು ನಂಬುವುದನ್ನು ಬಿಡುತ್ತಾರೆ.

ಪ್ರಶ್ನೆ: ನನ್ನ ಅರಸನಿಗೆ ಒಬ್ಬಳೇ ಮಗಳು. ಅವಳನ್ನು ದೊಡ್ಡ ಮನೆತನಕ್ಕೆ ಕೊಟ್ಟು ಮದುವೆ ಮಾಡಿದೆ. ಅವಳು ಮೂವತ್ತು ವರ್ಷ ಚೆನ್ನಾಗಿ ಆಳಿ ತೀರಿಕೊಂಡಳು, ಮೂವರು ಮಕ್ಕಳೂ ಇದ್ದರು. ಆದರೂ ‘ನಿಮ್ಮ ವಂಶ ಮುಗಿಯಿತು’ ಎಂದು ಆಟ ನಿಂತುಹೋಯಿತು. — ಗೃಹಿಣಿ, ಬೆಳಗಾವಿ

ಉತ್ತರ: ಮಕ್ಕಳು ಅವಳವರೇ, ಆದರೆ ಮನೆತನ ಅವಳ ಗಂಡನದು. ಮದುವೆಯ ಪ್ರಸ್ತಾಪ ಕಳಿಸುವ ಪುಟದಲ್ಲಿ, ಹುಟ್ಟುವ ಮಕ್ಕಳು ತಾಯಿಯ ಮನೆತನಕ್ಕೆ ಸೇರಲಿ ಎಂದು ಆರಿಸುವ ಸಣ್ಣ ಗುರುತೊಂದಿದೆ. ಅದನ್ನು ಒತ್ತದೆ ಹೋದರೆ ಮಕ್ಕಳು ತಂದೆಯ ಮನೆತನದವರಾಗುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ನೀವು ಮನೆಯಳಿಯನನ್ನು ತರಬೇಕಿತ್ತು. ದೊಡ್ಡ ಮನೆಯ ಹಿರಿಯ ಮಗ ಇದಕ್ಕೆ ಒಪ್ಪುವುದು ಅಪರೂಪ. ಆಸ್ತಿಯ ನಿರೀಕ್ಷೆಯಿಲ್ಲದ ಮೂರನೆಯ, ನಾಲ್ಕನೆಯ ಮಗನನ್ನು ಹುಡುಕಿ. ಕರಾವಳಿಯ ಓದುಗರಿಗೆ ಇದು ಅಳಿಯಸಂತಾನದಂತೆ ಕಾಣಬಹುದು, ಆದರೆ ಎರಡೂ ಬೇರೆ: ಅಳಿಯಸಂತಾನದಲ್ಲಿ ಆಸ್ತಿ ಸೋದರಿಯ ಮಕ್ಕಳಿಗೆ ಹೋಗುತ್ತದೆ, ಇಲ್ಲಿ ಅದು ತಾಯಿಯಿಂದ ಮಕ್ಕಳಿಗೇ ಹೋಗುತ್ತದೆ, ಬದಲಾಗುವುದು ಮನೆತನದ ಹೆಸರು ಮಾತ್ರ.

ಚರಿತ್ರೆ ಆಟದಷ್ಟು ಕಟ್ಟುನಿಟ್ಟಾಗಿರಲಿಲ್ಲ. 1070ರಲ್ಲಿ ಚೋಳ ಸಿಂಹಾಸನವೇರಿದ ಒಂದನೆಯ ಕುಲೋತ್ತುಂಗ ತಂದೆಯ ಕಡೆಯಿಂದ ವೆಂಗಿಯ ಚಾಲುಕ್ಯ. ತಾಯಿಯ ಕಡೆಯಿಂದ ರಾಜೇಂದ್ರ ಚೋಳನ ಮೊಮ್ಮಗ. ಅವನೂ ಅವನ ನಂತರದವರೂ ಚೋಳರೆಂದೇ ಆಳಿದರು. ಆಟದ ಲೆಕ್ಕದಲ್ಲಾದರೆ ಅಂದೇ ಚೋಳರ ಆಟ ಮುಗಿಯುತ್ತಿತ್ತು.

ಪ್ರಶ್ನೆ: ಶತ್ರುವಿಗಿಂತ ನನ್ನ ಸೈನಿಕರ ಸಂಖ್ಯೆ ಹೆಚ್ಚಿದ್ದರೂ ಸೋಲುತ್ತೇನೆ. ಏಕೆ? — ಎಂಜಿನಿಯರ್, ಮಂಗಳೂರು

ಉತ್ತರ: ನಿಮ್ಮ ಸಂಖ್ಯೆಯಲ್ಲಿ ಹೆಚ್ಚಿನವರು ಹೊಲದಿಂದ ಕರೆತಂದ ರೈತರಾಗಿರಬೇಕು. ಸಂಬಳ ಕೊಟ್ಟು ಸಾಕುವ ಖಾಯಂ ಪಡೆಗಳೇ ಬೇರೆ, ಗೆಲುವು ಬರುವುದು ಅವುಗಳಿಂದ. ಅವುಗಳಲ್ಲೂ ಒಂದೊಂದು ಪಡೆ ಇನ್ನೊಂದಕ್ಕೆ ಮದ್ದು: ಉದ್ದ ಭರ್ಜಿಯವರು ಕುದುರೆಪಡೆಯನ್ನು ತಡೆಯುತ್ತಾರೆ, ಕವಚ ತೊಟ್ಟ ಕಾಲಾಳುಗಳು ಭರ್ಜಿಯವರನ್ನು ಮುರಿಯುತ್ತಾರೆ, ಬಿಲ್ಲುಗಾರರು ಹಗುರ ಕಾಲಾಳುಗಳನ್ನು ಚದರಿಸುತ್ತಾರೆ. ಆರಂಭದಲ್ಲಿ ಒಂದೋ ಎರಡೋ ಪಡೆಗಳನ್ನು ಕಟ್ಟಿ, ನೆರೆಯವನ ಬಳಿ ಏನಿದೆಯೋ ಅದಕ್ಕೆ ಎದುರಾದದ್ದನ್ನು ಆರಿಸಿ.

ನೆಲವನ್ನೂ ನೋಡಿ. ಹೊಳೆ ದಾಟಿ ಬೆಟ್ಟದ ಮೇಲಿನವರ ಮೇಲೆ ಬೀಳುವ ಸೈನ್ಯ, ಹಡಗಿನಿಂದ ಈಗಷ್ಟೇ ಇಳಿದ ಸೈನ್ಯ, ಎರಡೂ ಅರ್ಧ ಸೋತಂತೆಯೇ. ಬಡ ಕೌಂಟಿಯಲ್ಲಿ ದೊಡ್ಡ ಸೈನ್ಯ ಹೆಚ್ಚು ದಿನ ನಿಂತರೆ ಅನ್ನವಿಲ್ಲದೆ ಸಾಯುತ್ತದೆ. ಯುದ್ಧ ಮುಗಿದ ಮರುಗಳಿಗೆಯೇ ಸೈನ್ಯವನ್ನು ಮನೆಗೆ ಕಳಿಸಿ. ಅದು ಎದ್ದು ನಿಂತಿರುವ ಪ್ರತಿ ತಿಂಗಳೂ ಬೊಕ್ಕಸ ಕರಗುತ್ತದೆ, ಸಾಲಕ್ಕೆ ಬಿದ್ದ ಅರಸನ ಸೈನ್ಯ ಸರಿಯಾಗಿ ಕಾದುವುದಿಲ್ಲ.

ಪ್ರಶ್ನೆ: ನಾವು ದಾವಣಗೆರೆಯವರು, ಈಗ ಡಬ್ಲಿನ್ನಿನಲ್ಲಿದ್ದೇವೆ. ನನ್ನ ಮಗಳು ಕರ್ನಾಟಕದ ಅರಸರಾಗಿಯೇ ಆಡಬೇಕೆಂದು ಹಟ ಹಿಡಿದಿದ್ದಾಳೆ. ಚಾಲುಕ್ಯರಿಂದ ಆರಂಭಿಸಬಹುದೇ? — ನರ್ಸ್, ಡಬ್ಲಿನ್

ಉತ್ತರ: ಆಕೆಯ ಹಟ ನನಗೆ ಬಹಳ ಹಿಡಿಸಿತು. 867ರಲ್ಲಿ ಆರಂಭಿಸಿದರೆ ಅದು ಮಾನ್ಯಖೇಟದಲ್ಲಿ ಅಮೋಘವರ್ಷನ ಕಾಲ. 1066ರಲ್ಲಾದರೆ ಕಲ್ಯಾಣದಲ್ಲಿ ಒಂದನೆಯ ಸೋಮೇಶ್ವರನ ಕಾಲ. ಆದರೆ ಮೊದಲ ಆಟಕ್ಕೆ ಇಬ್ಬರೂ ಬೇಡ ಎನ್ನುತ್ತೇನೆ. ದೊಡ್ಡ ರಾಜ್ಯದಲ್ಲಿ ನೆಲದ ಬಹುಭಾಗ ಸಾಮಂತರ ಕೈಯಲ್ಲಿರುತ್ತದೆ, ಅವರಲ್ಲಿ ಒಬ್ಬೊಬ್ಬರ ಅಸಮಾಧಾನವನ್ನೂ ಗಮನಿಸುತ್ತಿರಬೇಕು, ಇಲ್ಲವಾದರೆ ಅವರು ಒಟ್ಟುಗೂಡಿ ಬಂಡೇಳುತ್ತಾರೆ. ಹೊಸಬರಿಗೆ ಆ ಬಂಡಾಯ ಎಲ್ಲಿಂದ ಬಂತೆಂಬುದೇ ತಿಳಿಯುವುದಿಲ್ಲ.

ಇನ್ನೊಂದು ಉಪಾಯವಿದೆ. ಚಾಲುಕ್ಯ ದೊರೆಯ ಕೆಳಗಿನ ಒಬ್ಬ ಸಣ್ಣ ಸಾಮಂತನನ್ನು ಆರಿಸಿಕೊಳ್ಳಲಿ. ಹೊರಗಿನ ಶತ್ರುವನ್ನು ನೋಡಿಕೊಳ್ಳುವ ಹೊಣೆ ದೊರೆಯದು. ಮಗಳು ತನ್ನ ಒಂದೆರಡು ಕೌಂಟಿಗಳನ್ನು, ಮನೆಯ ಮದುವೆಗಳನ್ನು ನೋಡಿಕೊಂಡು ಕಲಿಯಬಹುದು. ಜೊತೆಗೆ ದೊರೆಯ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬಹುದು. ನಿಜ ಚರಿತ್ರೆಯಲ್ಲಿ ಸೋಮೇಶ್ವರ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ತಮ್ಮ ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾಗಿ ಬಲ ಕೂಡಿಸಿಕೊಂಡು, 1076ರಲ್ಲಿ ಅಣ್ಣನನ್ನು ಇಳಿಸಿ ತಾನೇ ಪಟ್ಟವೇರಿ, ಅಲ್ಲಿಂದ ಐವತ್ತು ವರ್ಷ ಆಳಿದ. ಮುಂದೆ ಬನವಾಸಿಯನ್ನು ಆಳುತ್ತಿದ್ದ ಇನ್ನೊಬ್ಬ ತಮ್ಮ ಜಯಸಿಂಹ ಅವನ ಮೇಲೆಯೇ ತಿರುಗಿಬಿದ್ದು ಸೋತ. ಮದುವೆ, ಮೈತ್ರಿ, ಹಕ್ಕು, ದಾಯಾದಿ ಯುದ್ಧ — ಆಟ ಕಲಿಸುವ ನಾಲ್ಕೂ ಸಂಗತಿಗಳು ಈ ಒಂದು ಮನೆಯಲ್ಲಿವೆ. ಆಟದಲ್ಲಿ ಇದೆಲ್ಲ ಹೀಗೆಯೇ ನಡೆಯುವುದಿಲ್ಲ. ಮೊದಲ ದಿನ ಕಳೆದ ಮೇಲೆ ಚರಿತ್ರೆ ಹೊಸದಾಗಿ ಸಾಗುತ್ತದೆ. ಎಲ್ಲಿ ಬೇರೆಯಾಯಿತು ಎಂದು ಮಗಳೊಂದಿಗೆ ಹೋಲಿಸಿ ನೋಡುವುದೇ ಒಂದು ಸಂತೋಷ.

ನೀವಿರುವ ಊರಿನ ಬಗ್ಗೆಯೂ ಒಂದು ಮಾತು. ಮುರ್ಚಾಡ್ ಐರ್ಲೆಂಡಿನ ಹೆಸರಾಂತ ರಾಜ ಬ್ರಯನ್ ಬೋರುವಿನ ಮನೆತನದವನು. ಆ ಬ್ರಯನ್ 1014ರಲ್ಲಿ ಮಡಿದ ಕ್ಲಾನ್‌ಟಾರ್ಫ್ ಈಗ ಡಬ್ಲಿನ್ನಿನ ಒಂದು ಬಡಾವಣೆ. ಒಂದು ಭಾನುವಾರ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬನ್ನಿ. ಬಳಿಕ ಐರ್ಲೆಂಡಿನ ಆಟಕ್ಕೂ ಆಕೆ ಒಲಿಯಬಹುದು.

ಪ್ರಶ್ನೆ: ಆಟಕ್ಕೆ ಬಿಡಿಬಿಡಿಯಾಗಿ ಮಾರುವ ಹೆಚ್ಚುವರಿ ಭಾಗಗಳನ್ನೂ ಕೊಳ್ಳಬೇಕೇ? — ಓದುಗರು, ತುಮಕೂರು

ಉತ್ತರ: ಈಗ ಬೇಡ. ಮೂಲ ಆಟವೇ ತಿಂಗಳುಗಟ್ಟಲೆ ಸಾಲುತ್ತದೆ, ಹೆಚ್ಚುವರಿ ಭಾಗಗಳು ಪರದೆಯ ಮೇಲೆ ಇನ್ನಷ್ಟು ಗುಂಡಿಗಳನ್ನು ತರುತ್ತವೆ. ಒಬ್ಬ ಅರಸನಿಂದ ಮೊಮ್ಮಗನವರೆಗೆ ಆಟ ನಡೆಸಿದ ಮೇಲೆ ಏನು ಬೇಕೆಂಬುದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನನ್ನ ಹದಿನಾಲ್ಕು ವರ್ಷದ ಮಗ ಈ ಆಟ ಆಡುತ್ತಾನೆ. ಒಂದು ದಿನ ಹಿಂದಿನಿಂದ ನೋಡಿದರೆ ಸೆರೆಯಾಳಿನ ತಲೆ ಕಡಿಸುತ್ತಿದ್ದ. ಬಿಡಿಸಬೇಕೇ? — ಶಿಕ್ಷಕಿ, ಶಿರಸಿ

ಉತ್ತರ: ನಿಮ್ಮ ಆತಂಕ ಸಹಜ. ಕೊಲೆ, ವಿಷಪ್ರಾಶನ, ವ್ಯಭಿಚಾರ, ಬ್ಲ್ಯಾಕ್‌ಮೇಲ್ ಎಲ್ಲವೂ ಈ ಆಟದಲ್ಲಿವೆ. ಚಿತ್ರಗಳಿಗಿಂತ ಹೆಚ್ಚಾಗಿ ಬರಹದಲ್ಲಿವೆ. ಹತ್ತು ವರ್ಷದ ಮಗುವಿನ ಕೈಗೆ ನಾನು ಕೊಡಲಾರೆ. ಹದಿನಾಲ್ಕರ ಹುಡುಗನ ವಿಷಯದಲ್ಲಿ, ಬಿಡಿಸುವ ಮೊದಲು ಒಂದು ಸಂಜೆ ಅವನ ಪಕ್ಕದಲ್ಲಿ ಕೂತು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಈ ಆಟದ ಪ್ರತಿ ವ್ಯಕ್ತಿಗೂ ಸ್ವಭಾವಗಳಿವೆ, ಸ್ವಭಾವಕ್ಕೆ ವಿರುದ್ಧವಾಗಿ ನಡೆದರೆ ಮನಸ್ಸಿನ ಒತ್ತಡ ಏರುತ್ತದೆ. ನನ್ನ ಒಬ್ಬ ಅರಸ ದಯಾಳುವಾಗಿದ್ದ. ಬಂಡೆದ್ದ ಸಾಮಂತನನ್ನು ಸೆರೆಹಿಡಿದ ಮೇಲೆ ಮರಣದಂಡನೆಯ ಗುಂಡಿಯ ಮೇಲೆ ಮೌಸ್ ಇಟ್ಟರೆ, ಈ ಕೆಲಸದಿಂದ ನಿನ್ನ ಒತ್ತಡ ಇಷ್ಟು ಏರುತ್ತದೆ ಎಂದು ಆಟ ಮೊದಲೇ ಎಚ್ಚರಿಸಿತು. ಲೆಕ್ಕಿಸದೆ ಒತ್ತಿದೆ. ಇಂಥ ಇನ್ನೆರಡು ಆಜ್ಞೆಗಳಾದ ಬಳಿಕ ಆ ಅರಸ ಕುಡಿತಕ್ಕೆ ಬಿದ್ದ, ಆರೋಗ್ಯ ಕೆಟ್ಟಿತು, ಉತ್ತರಾಧಿಕಾರಿ ಇನ್ನೂ ಬಾಲಕನಾಗಿರುವಾಗಲೇ ತೀರಿಕೊಂಡ. ಕ್ರೂರ ಸ್ವಭಾವದ ಅರಸನಿಗಾದರೆ ಅದೇ ಆಜ್ಞೆಯಿಂದ ಒತ್ತಡ ಏರುವುದಿಲ್ಲ, ಆದರೆ ಸತ್ತವನ ಬಂಧುಗಳ ದ್ವೇಷವನ್ನು ಅವನೂ ಹೊರಬೇಕು.

ಆದ್ದರಿಂದ ಮಗನನ್ನು ಕೇಳಿ: ನಿನ್ನ ಅರಸನ ಸ್ವಭಾವವೇನು, ಆ ಸೆರೆಯಾಳಿನ ಮಕ್ಕಳು ಈಗ ಎಲ್ಲಿದ್ದಾರೆ, ಹಣ ಪಡೆದು ಬಿಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು. ಅವನು ಮೂರಕ್ಕೂ ನಿಲ್ಲಿಸದೆ ಉತ್ತರ ಹೇಳುವ ಸಂಭವ ಹೆಚ್ಚು. ಹೇಳಿದ ಮೇಲೆ, ಆ ಮಕ್ಕಳು ದೊಡ್ಡವರಾಗುವವರೆಗೆ ಅವನು ಆಡುವುದನ್ನು ಜೊತೆಯಲ್ಲಿದ್ದು ನೋಡಿ.